ಪಕಾರವಿಲ್ಲದ ಊರಲ್ಲಿ

ಮೊದಲ ದಿನ ಗೇಟಿನಲ್ಲೇ ತಡೆದು ನಕ್ಕ ಕಾವಲುಗಾರ.
ಹೆಸರು ಮಿಸ್ರಿಯಾ, ಅಂದರೆ ಈಜಿಪ್ಟಿನವಳು,
ಹುಟ್ಟಿದ್ದು ಮಸ್ಕತ್ತಿನಲ್ಲಿ,
ಕೈಯಲ್ಲಿ ಭಾರತದ ಪಾಸ್‌ಪೋರ್ಟು.
"ಮೂವರಲ್ಲಿ ನೀನು ಯಾರು?" ಅಂದ ಅರಬಿಯಲ್ಲಿ.
ಇಂಟರ್ನ್, ಅಂದೆ.
ಅದು ಅವನಿಗೆ ಒಪ್ಪಿಗೆಯಾಯಿತು.

ಆರು ವಾರ. ಸಂಬಳವಿಲ್ಲ, ಬಸ್ಸಿನ ಖರ್ಚು ನನ್ನದೇ.
ಕಾಲೇಜಿಗೆ ಬೇಕಾದದ್ದು ಒಂದು ವರದಿ, ಒಂದು ಮೊಹರು.
ರಾಯಭಾರ ಕಚೇರಿಯ ಕಾರ್ಮಿಕ ವಿಭಾಗ, ಮೂಲೆಯ ಮೇಜು,
ಹೊರಗೆ ನಲವತ್ತೇಳು ಡಿಗ್ರಿ;
ಒಳಗೆ ನಾನು ಅಬ್ಬನ ಶಾಲು ಹೊದ್ದು
ಹಳೆಯ ಅರ್ಜಿಗಳ ಸ್ಟೇಪ್ಲರ್ ಪಿನ್ನು ಕೀಳುತ್ತಿದ್ದೆ.
ರಾಜತಂತ್ರಕ್ಕೆ ಉಗುರು ಬೇಕು
ಎಂದು ಯಾವ ಪಠ್ಯದಲ್ಲೂ ಇರಲಿಲ್ಲ.

ಮೂರನೇ ವಾರ ಕೌಂಟರಿನಿಂದ ಕೂಗು:
ಇಲ್ಲಿ ಯಾರಿಗೆ ಕನ್ನಡ ಓದಲು ಬರುತ್ತೆ?
ಮಲಯಾಳಕ್ಕೆ ನಾಲ್ವರಿದ್ದರು, ತೆಲುಗಿಗೆ ಡ್ರೈವರ್ ಇದ್ದ.
ಕನ್ನಡಕ್ಕೆ ನನ್ನ ಕೈ,
ಅರ್ಧಕ್ಕೆ ಎತ್ತಿದ್ದು.

ನಾನು ಕನ್ನಡ ಕಲಿತದ್ದು ಶಾಲೆಯಲ್ಲಲ್ಲ.
ಮತ್ರಾದ ಗಲ್ಲಿಯಲ್ಲಿ ಅಬ್ಬನ ಹೊಲಿಗೆ ಅಂಗಡಿ;
ಅಳತೆ ಪುಸ್ತಕ ಮಾತ್ರ ಕನ್ನಡದಲ್ಲಿ,
ಪಕ್ಕದಂಗಡಿಯವನಿಗೆ ತಿಳಿಯದ ಹಾಗೆ.
ಎದೆ, ತೋಳು, ಸೊಂಟ, ಕೊರಳು.
ನನ್ನ ಅಕ್ಷರಮಾಲೆಗೆ ಮೈ ಇತ್ತು,
ಮುಖ ಇರಲಿಲ್ಲ.

ಗಾಜಿನಾಚೆ ಕುಷ್ಟಗಿ ಕಡೆಯ ಗೌಂಡಿ.
ಗೀಟು ಹಾಳೆ, ಎರಡೂ ಬದಿ ತುಂಬಿಸಿದ್ದು,
ಬೆವರಿಗೆ ನೀಲಿ ಹರಡಿತ್ತು.
ಗುರುತಿನ ಚೀಟಿ ತಿರುಗಿಸಿ ಓದಿದೆ.
ಅರಬಿಯಲ್ಲಿ ಪಕಾರವಿಲ್ಲ, ಇಲ್ಲಿ ಪೆಪ್ಸಿಯೂ ಬೆಬ್ಸಿ;
ಯಮನೂರಪ್ಪ ಆ ಚೀಟಿಯಲ್ಲಿ ಯಮನೂರಬ್ಬ.
ಮನೆಯಲ್ಲಿ ನಾನು ಅಪ್ಪನನ್ನು ಕರೆಯುವ ಅದೇ ಅಬ್ಬ.
ಪೆನ್ನು ಒಂದು ಗಳಿಗೆ
ಮೇಲಕ್ಕೇ ನಿಂತಿತು.

ಅರ್ಜಿಗೆ ಐದು ಚೌಕ.
ಬಾಕಿ: ಏಳು ತಿಂಗಳು. ಪಾಸ್‌ಪೋರ್ಟು: ಕಂಪನಿ ಬಳಿ.
ಉಳಿದ ಮೂರೂ ತುಂಬಿದವು.
ಹಾಳೆಯ ಕೊನೆಗೆ ಇನ್ನೊಂದು ಸಾಲು:
'ನನ್ನ ಕರಣಿ ಕೊಡಿಸ್ರಿ. ಅದು ಕಂಪನೀದಲ್ಲ, ಊರಿಂದ ತಂದದ್ದು.
ಹಿಡಿಕಿ ಜಾಲಿ ಕಟ್ಟಿಗೀದು.'

ಕರಣಿಗೆ ಚೌಕವಿಲ್ಲ.
ಅರಬಿಯಲ್ಲಿ ಅದಕ್ಕೇನನ್ನುತ್ತಾರೋ ನನಗೂ ಗೊತ್ತಿಲ್ಲ.
ಕಾವಲುಗಾರನೆದುರು ಗಾಳಿಯಲ್ಲಿ ಗಾರೆ ಮೆತ್ತಿ ತೋರಿಸಿದೆ.
ಬ್ರೆಡ್ಡಿಗೆ ಬೆಣ್ಣೆ ಅಂದುಕೊಂಡು
"ಕ್ಯಾಂಟೀನು ಎಡಕ್ಕೆ" ಅಂದ.

ಅಂಚಿನಲ್ಲಿ ಬರೆದೆ, ಪಕ್ಕದಲ್ಲೊಂದು ಚಿತ್ರ.
ಲಖನ್‌ಪಾಲ್ ಸಾಹೇಬರು ಕೆಂಪಲ್ಲಿ ಗೀಟು ಹೊಡೆದರು:
"ಮುಖ್ಯವಾದದ್ದು ನೋಡು, ಬೇಟಾ."
ಕೆಟ್ಟವರಲ್ಲ. ದಿನಕ್ಕೆ ಅರವತ್ತು ಫೈಲು,
ಸಂಜೆ ನಾಲ್ಕಕ್ಕೆ ಅವರ ಊಟದ ಡಬ್ಬಿ ಬಾಯಿಬಿಡುತ್ತಿತ್ತು.
ಹೊಸದಾಗಿ ಟೈಪು ಮಾಡಲು ಹೊತ್ತಿಲ್ಲದೆ
ಗೀಟಿನ ಸಮೇತ ಹೋಯಿತು ಅರ್ಜಿ.

ಆರನೇ ವಾರ ಕಂಪನಿಯ ಆಳು ಬಂದ.
ಹಣಕ್ಕೆ ಮುಂದಿನ ತಾರೀಖು. ಪಾಸ್‌ಪೋರ್ಟಿಗೂ.
ಪ್ಲಾಸ್ಟಿಕ್ ಚೀಲ ಬಿಚ್ಚಿ
ಮೇಜಿನ ಮೇಲಿಟ್ಟದ್ದು ಒಂದು ಕರಣಿ.
ನಾನು ಗೆದ್ದೆನೆಂದೇ ತಿಳಿದೆ;
ನಾಚಿಕೆಯಿಲ್ಲದೆ ಹೇಳುತ್ತೇನೆ,
ವರದಿಯ ಮೊದಲ ವಾಕ್ಯ ಕೂಡ ಹೊಂದಿಸಿದೆ.

ಯಮನೂರಪ್ಪ ಎತ್ತಿಕೊಂಡ.
ಹೆಬ್ಬೆರಳು ಸವರಿದ. ಹಿಡಿಕೆ ಮುಷ್ಟಿಯಲ್ಲಿ ತಿರುವಿದ.
"ಇದು ನಂದಲ್ಲ, ಯವ್ವಾ."
ಸಿಟ್ಟಿಲ್ಲ. ಗಿರಾಕಿಗೆ ಅಬ್ಬ
ತೋಳು ಅರ್ಧ ಇಂಚು ಗಿಡ್ಡವಾಯಿತು ಎನ್ನುವ ದನಿ.

ತಾರೀಖಿನ ಕಾಗದಕ್ಕೆ ಸಹಿ ಹಾಕಿದ, ಕನ್ನಡದಲ್ಲಿ.
ಪಕ್ಕೆ ಒತ್ತು ಕೊಡುವಾಗ
ಎಷ್ಟು ಒತ್ತಿದನೆಂದರೆ
ಕೆಳಗಿನ ಎರಡು ಹಾಳೆಗೂ ಇಳಿಯಿತು.

ಕರಣಿ ನನ್ನ ಮೇಜಿನಲ್ಲೇ ಉಳಿಯಿತು.
ಎಸಿ ಗಾಳಿಗೆ ಏಳುವ ಅರ್ಜಿಗಳ ಮೇಲೆ
ಯಾರೋ ಅದನ್ನೇ ಹೇರಿದರು.

ಕಾಲೇಜು ಕೇಳಿದೆ: ಏನು ಕಲಿತಿರಿ, ಇನ್ನೂರು ಪದಗಳಲ್ಲಿ.
ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ
ಅಬ್ಬನ ಪುಸ್ತಕದ ಖಾಲಿ ಹಾಳೆಗೆ ಬಂದು ಕುಳಿತೆ.
ಹೆಸರು: ಯಮನೂರಪ್ಪ.
ಹಿಡಿಕೆ: ಜಾಲಿ.
ಉದ್ದ:
ಅಬ್ಬ ಟೇಪು ಕೊರಳಿಂದ ತೆಗೆದು ಕೊಟ್ಟು
ಶಟರು ಎಳೆಯಲು ಹೋದರು.