ಹಿಪ್ಪುನೇರಳೆಯ ಕೆಳಗೆ

ಕುತೈಸಿಯ ನಮ್ಮ ವಠಾರಕ್ಕೆ ನೆರಳೆಂದರೆ ಒಂದೇ ಮರ,
ಅದರಡಿ ನೋದಾರನ ಬಿಳಿ ವೋಲ್ಗಾ.
ಜೂನ್ ಬಂತೆಂದರೆ ಹಿಪ್ಪುನೇರಳೆ ಹಣ್ಣು
ಟಪ್ಪೆಂದು ಬಾನೆಟ್ಟಿಗೆ; ತಿಂದ ಹಕ್ಕಿಯ ಹಿಕ್ಕೆಯೂ
ಅಲ್ಲಿಗೇ.

ಎರಡು ಬಕೆಟ್ಟು: ನೊರೆಗೊಂದು, ಬಟ್ಟೆ ಜಾಲಿಸಲೊಂದು.
ಅದಲುಬದಲಾದರೆ ಮೈಮೇಲೆ ಬರುತ್ತಿತ್ತು ಅವನಿಗೆ.
"ಒಂದು ಮರಳ ಕಣ ಸಾಕು, ಗೀರು ಸಾಯುವ ತನಕ."
ಸುತ್ತಿ ಸುತ್ತಿ ಉಜ್ಜಬಾರದು, ನೀಳಕ್ಕೆ;
ಬಿಸಿಲಲ್ಲಿ ತೊಳೆಯಬಾರದು; ಮೇಣ
ಬೆರಳಿಗೆ ಬಂದಷ್ಟೇ.
ಲಮಾರಾ ಕಿಟಕಿಯಿಂದ: "ನನ್ನ ಬೆನ್ನನ್ನು
ಒಂದು ದಿನವಾದರೂ ಹೀಗೆ ಉಜ್ಜಿದ್ದೀಯಾ?"

ಮರ ಕಡಿಸೋಣವೆಂದರು ಎಲ್ಲರೂ. ಬೇಡವೆಂದ.
ಕಲೆಯೇ ಬೀಳದಿದ್ದರೆ ಭಾನುವಾರ ಏನು ಮಾಡಲಿ?

ಮೂವತ್ತೊಂದು ಬೇಸಿಗೆ.
ಈ ಸಲ ಬಾನೆಟ್ಟಿನ ಅಂಚಿಗೊಂದು ಕಲೆ,
ಕಾಸಗಲ, ಕಪ್ಪುಗೆಂಪು.
ನೊರೆಗೆ ಬಗ್ಗಲಿಲ್ಲ, ವಿನೆಗರಿಗೂ.
ಉಜ್ಜಿದಷ್ಟೂ ಅಗಲವಾಯಿತು.

ಪೇಂಟ್ ಅಂಗಡಿಯ ಹುಡುಗ ಉಗುರಲ್ಲಿ ಕೆರೆದು ನೋಡಿದ:
"ಹಣ್ಣಲ್ಲ ಅಜ್ಜಾ ಇದು, ಒಳಗಿನ ಪ್ರೈಮರ್.
ಬಿಳಿಯನ್ನೆಲ್ಲ ನಿನ್ನ ಕೈಯೇ ತಿಂದಿದೆ."

ನೋದಾರ ಅಂಗೈ ಮಗುಚಿ ನೋಡಿಕೊಂಡ.
ಮೇಲಿಂದ ಇನ್ನೊಂದು ಬಿತ್ತು.
ಬಟ್ಟೆ ಬಕೆಟ್ಟಿನಲ್ಲೇ ಇತ್ತು.
ಹಣ್ಣೆತ್ತಿ ಬಾಯಿಗೆ ಹಾಕಿಕೊಂಡ.