ನಕಲು

ಅರಸೀಕೆರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಜೆರಾಕ್ಸ್ ಅಂಗಡಿಗೂ ಎಳನೀರು ಗಾಡಿಗೂ ನಡುವೆ
ಎಂಟಡಿ ಅಗಲದ ನಮ್ಮ ಕೋಣೆ.
ಪಾಲಾಕ್ಷಪ್ಪನವರು ಹೇಳುತ್ತಾರೆ, ನಾನು ಒತ್ತುತ್ತೇನೆ:
ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ,
ನಿಧಿ ನಿಕ್ಷೇಪ ಜಲ ತರು ಪಾಷಾಣ ಸಮೇತ.

ಹೋದ ಯುಗಾದಿಯ ಮಾರನೇ ದಿನ
ಹಾರ್ಡ್ ಡಿಸ್ಕು ಒಣಗಿದ ಹುರುಳಿಕಾಯಿಯ ಹಾಗೆ
ಟಿಕ್ಕೆಂದು, ಇನ್ನೊಮ್ಮೆ ಟಿಕ್ಕೆಂದು, ಸತ್ತಿತು.
ಹನ್ನೊಂದು ದಿನದ ಬರಹ ಹೋಯಿತು.
ಬಾಣಾವರದ ಅಣ್ಣತಮ್ಮಂದಿರ ವಿಭಾಗಪತ್ರ ಅದರಲ್ಲೇ ಇತ್ತು.
ಸಹಿಗೆಂದು ಬಂದವರಿಗೆ
"ಇನ್ನೊಂದ್ಸಲ ಹೇಳಿ, ಟೈಪ್ ಮಾಡ್ತೀನಿ" ಅಂದದ್ದೇ ತಡ,
ಗಡಿ ಮೇಲಿನ ಮೂರು ತೆಂಗು ಯಾರದೆಂದು
ಮೊದಲಿಂದ ಶುರುವಾಯಿತು.
ಇವತ್ತಿಗೂ ಕೋರ್ಟಿನಲ್ಲಿದೆ. ತೆಂಗಿಗೆ ಗೊತ್ತಿಲ್ಲ,
ಕಾಯಿ ಬಿಡುತ್ತಿದೆ.

"ದಿನಾ ಸಂಜೆ ಪೆನ್‌ಡ್ರೈವಿಗೆ ಹಾಕ್ಕೊಳಮ್ಮ" ಅಂದರು.
ಎರಡು ದಿನ ಹಾಕಿದೆ.
ಮೂರನೇ ದಿನ ಮಗುವಿಗೆ ಜ್ವರ,
ನಾಲ್ಕನೇ ದಿನಕ್ಕೆ ಕಾರಣವೇ ಬೇಕಾಗಲಿಲ್ಲ.

ಹಾಸನದ ಆರು ತಿಂಗಳ ಕೋರ್ಸಿನಲ್ಲಿ ಇದನ್ನು ಕಲಿಸಿರಲಿಲ್ಲ.
ಒಂದು ಭಾನುವಾರ ಬಾಗಿಲು ಅರ್ಧ ಎಳೆದು ಕೂತು
ಒಂಬತ್ತು ಸಾಲಿನ ಆಜ್ಞೆ ಬರೆದೆ:
ನಿನ್ನೆಯಿಂದೀಚೆ ಕೈ ಸೋಕಿದ ಕಡತ ಯಾವುದಿದ್ದರೂ
ಹೊರಗಿನ ಡಿಸ್ಕಿಗೆ ನಕಲು ಮಾಡು.
ಹಳೆಯದರ ತಂಟೆಗೆ ಹೋಗಬೇಡ.
ಮಾಡಿದ್ದನ್ನು ಪಟ್ಟಿಯಲ್ಲಿ ಬರೆದಿಡು.
ಹೊತ್ತು, ರಾತ್ರಿ ಒಂದು ನಲವತ್ತು.

ಒಂದು ನಲವತ್ತೇ ಯಾಕೆಂದರೆ
ನಮ್ಮ ಮನೆ ಹಳಿಯ ಪಕ್ಕ. ಆ ಹೊತ್ತಿಗೊಂದು ಗೂಡ್ಸ್ ಗಾಡಿ
ತಟ್ಟೆ ಲೋಟ ಅಲುಗಿಸಿಕೊಂಡು ಹೋಗುತ್ತದೆ.
ಎಚ್ಚರಾದರೆ ನೆನೆಯುತ್ತೇನೆ:
ಈಗ ಅಲ್ಲಿ, ಬೀಗ ಹಾಕಿದ ಕತ್ತಲೆಯೊಳಗೆ,
ಸ್ಟಾಂಪ್ ಪೇಪರಿನ ಕಟ್ಟಿನ ಹಿಂದೆ
ಹಸಿರು ಚುಕ್ಕಿ ಕಣ್ಣು ಮಿಟುಕಿಸುತ್ತಿದೆ.
ಆಮೇಲೆ ನಿದ್ದೆ ಚೆನ್ನಾಗಿ ಬರುತ್ತದೆ.

ಬೆಳಿಗ್ಗೆ ಕಸ ಗುಡಿಸಿ ಪಟ್ಟಿ ಓದುವುದು.
ಕ್ರಯಪತ್ರ ಏಳು. ಬಾಡಿಗೆ ಕರಾರು ಎರಡು.
ದಾನಪತ್ರ ಒಂದು, ಅಕ್ಕ ತಂಗಿಗೆ ಕೊಟ್ಟದ್ದು.
ಮತ್ತೆ ದಿನಾ ಕೊನೆಗೊಂದು ಕಡತ,
ಹೆಸರು 'ಸುಮ್ನೆ'.

ನಾನು ಮಾಡಿದ್ದಲ್ಲ.
ಐದೂವರೆಗೆ ನಾನು ಹೊರಟ ಮೇಲೆ
ಆರು ಹತ್ತಕ್ಕೋ ಆರು ಇಪ್ಪತ್ತಕ್ಕೋ
ಯಾರೋ ತೆರೆದು, ಏನೋ ತಿದ್ದಿ, ಮುಚ್ಚಿಟ್ಟದ್ದು.
ಬೀಗದ ಕೈ ಇರುವುದು ಇಬ್ಬರ ಹತ್ತಿರ.

ತೆರೆದು ನೋಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ.
ಅಳತೆ ಮಾತ್ರ ಪಟ್ಟಿಯೇ ಹೇಳುತ್ತದೆ:
ಹದಿನಾಲ್ಕು ಕೆಬಿ. ಮರುದಿನ ಹದಿನೈದು.
ಮತ್ತೆ ಹದಿನಾಲ್ಕು.
ಶ್ರಾವಣದಲ್ಲಿ ಒಮ್ಮೆ ಇಪ್ಪತ್ತೊಂದಕ್ಕೆ ಏರಿ
ಒಂದೇ ಸಂಜೆಗೆ ಒಂಬತ್ತಕ್ಕಿಳಿಯಿತು.
ಮೂವತ್ತೆಂಟು ವರ್ಷ ಊರವರ ಮಾತನ್ನೆಲ್ಲ
ಒಂದಕ್ಷರ ತಡವರಿಸದೆ ಬರೆಸಿದವರು,
"ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ" ಎಂದು
ಒಂದೇ ಉಸಿರಿಗೆ ಒಪ್ಪಿಸುವವರು,
ಅಲ್ಲಿ ಯಾವ ಸಾಲಿಗಾಗಿ
ಇಷ್ಟು ಸಂಜೆ ಕೂತಿದ್ದಾರೆ?

ಮೊನ್ನೆ ಮಂಗಳವಾರದ ಪಟ್ಟಿಯಲ್ಲಿ 'ಸುಮ್ನೆ' ಇಲ್ಲ.
ಬುಧವಾರವೂ ಇಲ್ಲ.
ಆಜ್ಞೆ ಸರಿಯಾಗೇ ಇದೆ, ಎರಡು ಸಲ ನೋಡಿದೆ.
ಮುಟ್ಟದ್ದನ್ನು ಅದು ಎತ್ತುವುದಿಲ್ಲ, ನಾನೇ ಹಾಗೆ ಹೇಳಿದ್ದು.
ಬರೆದು ಮುಗಿಸಿದರೋ ಕೈಬಿಟ್ಟರೋ,
ಯಂತ್ರಕ್ಕೆ ಎರಡೂ ಒಂದೇ ಹಳೇ ತಾರೀಖು.

ಅವರು ಎಂದಿನಂತೆ ಹತ್ತಕ್ಕೆ ಬಂದರು. ಕನ್ನಡಕ ಒರೆಸಿಕೊಂಡರು.
"ಬರ್ಕೋ ರುಖಿಯಾ, ಕಣಕಟ್ಟೆ ಹೋಬಳಿ..."
ಬರೆದುಕೊಂಡೆ.
ಟೀ ಬಂತು, ಅರ್ಧ ಬಿಟ್ಟರು.
ಅರ್ಧ ಬಿಡುವುದು ಯಾವಾಗಲೂ ಇದ್ದದ್ದೇ,
ಅದರಿಂದ ಏನೂ ತಿಳಿಯುವುದಿಲ್ಲ.

ಇವತ್ತು ಹೊರಡುವ ಮುಂಚೆ
ಆಜ್ಞೆಗೆ ಹತ್ತನೇ ಸಾಲು ಸೇರಿಸಿದೆ:
ಇದೊಂದನ್ನು, ಯಾರಾದರೂ ಮುಟ್ಟಿರಲಿ ಬಿಟ್ಟಿರಲಿ,
ದಿನಾ ಎತ್ತಿಡು.
ಪಟ್ಟಿಯಲ್ಲಿ ಬರೆಯಬೇಡ.