ಆರುವ ತನಕ

ತಿಂಗಳಿಗೊಮ್ಮೆ ಹಡಗು ಹತ್ತಿ ಲಾಸ್ಟೊವೊ ದ್ವೀಪಕ್ಕೆ ಹೋಗುತ್ತೇನೆ,
ಚೀಲದಲ್ಲಿ ಮೇಣ, ಅರ, ಗುಲಾಬಿ ಅಕ್ರಿಲಿಕ್ಕಿನ ಪುಡಿ.
ನನ್ನ ಕಸುಬು ಕಟ್ಟುಹಲ್ಲು.
ಅಲ್ಲಿನ ನಗುವಿನಲ್ಲಿ ಅರ್ಧಪಾಲು ನನ್ನ ಕೈಯದು.

ಈ ಸಲ ಪೆರಿನಾ ಬಾಗಿಲು ತೆರೆದಾಗ
ಅವಳ ನಗು ಎಡಕ್ಕೆ ವಾಲಿತ್ತು,
ಕಡಲಗಾಳಿಗೆ ಬೆಳೆದ ಪೈನ್ ಮರದ ಹಾಗೆ.

ಏನು ಮಾಡಿಕೊಂಡೆ ತಾಯಿ, ಎಂದೆ.

ಬೂರಾ ಗಾಳಿ ಒಂಬತ್ತು ದಿನ ಬೀಸಿತಂತೆ.
ಹಡಗಿಲ್ಲ. ಅಂಗಡಿಯಲ್ಲಿ ಮಾತ್ರೆಯಿಲ್ಲ,
ನೀರಿಗೆ ಬಿದ್ದೊಡನೆ ನೀಲಿಯಾಗಿ ಬುಸುಗುಟ್ಟುವ ಆ ಮಾತ್ರೆ.
ಇದ್ದಾಗಲೂ ಅವಳಿಗೆ ಅದರ ಮೇಲೆ ಮುನಿಸೇ:
"ಬೆಳಗಿನ ಕಾಫಿಗೆಲ್ಲ ಈಜುಕೊಳದ ರುಚಿ."
ಅಜ್ಜಿ ಹೇಳಿದ್ದು ನೆನಪಾಗಿ ಗುಡ್ಡ ಹತ್ತಿದಳು,
ಸುಣ್ಣಕಲ್ಲಿನ ಸಂದಿಯ ಸೇಜ್ ಗಿಡದಿಂದ
ಬೂದು ಎಲೆ ಕಿತ್ತಳು, ನಾಲ್ಕು ಲವಂಗ ಸೇರಿಸಿ ಕುದಿಸಿದಳು,
ಕುದಿಕುದಿಯಾಗಿಯೇ ಹೊಯ್ದಳು
ಲೋಟದಲ್ಲಿದ್ದ ಹಲ್ಲಿನ ಮೇಲೆ.

ಅಜ್ಜಿಯದು ಹುಟ್ಟುಹಲ್ಲು.
ಮುಕ್ಕಳಿಸಲು ಹೇಳಿದ ಮದ್ದು ಅದು.
ಪ್ಲಾಸ್ಟಿಕ್ಕಿನ ಸ್ವಭಾವ ಅವಳಿಗೇನು ಗೊತ್ತು!

ಬೈಯಬೇಕೆಂದೇ ಆ ಸೊಟ್ಟ ಸೆಟ್ಟನ್ನು ಕೈಗೆತ್ತಿಕೊಂಡೆ.
ಮೂಗಿಗೆ ಹಿಡಿದೆ, ಅಭ್ಯಾಸ.
ನಲವತ್ತು ವರ್ಷ ಬಾಯಿಗಳ ಮುಂದೆ ಬಗ್ಗಿದವನು ನಾನು,
ಯಾವ ಹಲ್ಲಿನಿಂದಲೂ ಗುಡ್ಡದ ವಾಸನೆ ಬಂದಿರಲಿಲ್ಲ.

ಹಾಗಾಗಿ ಇಷ್ಟೇ ಹೇಳಿದೆ:
ಎಲೆಗೆ ಬೇಕು ಬೆಂಕಿ, ಹಲ್ಲಿಗೆ ಬೇಕು ತಣ್ಣೀರು,
ನಡುವೆ ನೀನು ಕೂರಬೇಕು.
ಮೊದಲು ಬ್ರಷ್ಷು, ಸೋಪು; ಎಲೆ ಆಮೇಲೆ.
ಇಡೀ ರಾತ್ರಿ ಕಷಾಯದಲ್ಲಿಟ್ಟರೆ
ಗುಲಾಬಿ ವಸಡು ಚಹಾದ ಬಣ್ಣಕ್ಕೆ ತಿರುಗೀತು,
ಆಗ ನನ್ನ ದೂರಬೇಡ.

"ಎಷ್ಟು ಹೊತ್ತು ಕೂರಲಿ?"
ಆರುವ ತನಕ.
"ಬಾಯಲ್ಲಿ ಹಲ್ಲಿಲ್ಲದೆ ಅಲ್ಲಿಯವರೆಗೆ
ಯಾರ ಜೊತೆ ಮಾತಾಡಲಿ?"
ಅದಕ್ಕೆ ನನ್ನ ಚೀಲದಲ್ಲಿ ಏನೂ ಇರಲಿಲ್ಲ.

ಹೊಸ ಸೆಟ್ಟು ತಂದ ದಿನ ಸಂಜೆ
ಅವಳ ಗೋಡೆಯ ಪಕ್ಕ ಎರಡು ಕುರ್ಚಿ,
ಎರಡು ಬೋಗುಣಿ, ಒಂದೇ ಕೆಟಲ್.
ಎದುರುಮನೆಯ ದೀಪಸ್ತಂಭದ ಮಾಜಿ ಕಾವಲುಗಾರ
ಫ್ರಾನೆ ಕೂಡ ಬೊಚ್ಚುಬಾಯಿ ಬಿಟ್ಟುಕೊಂಡು ಕೂತಿದ್ದಾನೆ.
ತ ಇಲ್ಲ, ಥ ಇಲ್ಲ, ದ ಧ ನ ಯಾವುದೂ ಇಲ್ಲ,
ಆದರೂ ಜಗಳ ಸ್ಪಷ್ಟವಾಗಿಯೇ ನಡೆದಿತ್ತು,
ಕಷಾಯಕ್ಕೆ ಲವಂಗ ಮೂರೋ ನಾಲ್ಕೋ ಎಂದು.

ಹೊಸ ಹಲ್ಲು ಕೂರಿಸಿದೆ. ಕಚ್ಚು ಎಂದೆ. ಕಚ್ಚಿದಳು.
ಹಳೆಯ ಸೊಟ್ಟದ್ದನ್ನು ವಾಪಸು ಕೊಡಲಿಲ್ಲ.
ಹೊರಡುವಾಗ ಅಂಗೈ ತುಂಬ ಬಾದಾಮಿ ಹಾಕಿದಳು:
"ತಿನ್ನು, ಈ ವರ್ಷದ್ದು."

ಬಲದವಡೆ ವಾರದಿಂದ ನೋಯುತ್ತಿತ್ತು.
ಹಡಗಿನ ತನಕ
ಬಾದಾಮಿಯನ್ನು ಜೇಬಿನಲ್ಲಿ ಎಣಿಸುತ್ತ ಹೋದೆ.